ಗುಟ್ಟಿನ ಮತದ ಕುಶಲಕೆಲಸ: ಮೆಲ್ಬರ್ನ್ ಕ್ಷೇತ್ರದ ಕಥೆ

1843ರ ಜೂನ್‌ನಲ್ಲಿ ಮೆಲ್ಬರ್ನ್ ಪಟ್ಟಣ ಮೊದಲ ಸಲ ತನ್ನ ಪ್ರತಿನಿಧಿಯನ್ನು ಆರಿಸಿತು. ಊರಿಗೆ ಆಗ ಎಂಟೇ ವರ್ಷ. ಕುಲಿನ್ ಜನರ ನೆಲದಲ್ಲಿ, ಯಾರಾ ನದಿಯ ದಡದಲ್ಲಿ ವಲಸಿಗರು ಕಟ್ಟಿಕೊಂಡಿದ್ದ ಆ ಊರು ನ್ಯೂ ಸೌತ್ ವೇಲ್ಸ್ ವಸಾಹತಿನ ದಕ್ಷಿಣದ ತುದಿಯ ಪೋರ್ಟ್ ಫಿಲಿಪ್ ಜಿಲ್ಲೆಗೆ ಸೇರಿತ್ತು. ವಿಕ್ಟೋರಿಯಾ ಎಂಬ ವಸಾಹತು ಇನ್ನೂ ಹುಟ್ಟಿರಲಿಲ್ಲ. ಸಿಡ್ನಿಯ ಶಾಸನ ಪರಿಷತ್ತಿನಲ್ಲಿ ಒಟ್ಟು 36 ಸ್ಥಾನ. ಅದರಲ್ಲಿ 12 ಸರ್ಕಾರದ ನೇಮಕ, 24ಕ್ಕೆ ಚುನಾವಣೆ. ಪೋರ್ಟ್ ಫಿಲಿಪ್ ಪಾಲಿಗೆ ಬಂದದ್ದು ಆರು: ಇಡೀ ಜಿಲ್ಲೆಗೆ ಐದು, ಮೆಲ್ಬರ್ನ್ ಪಟ್ಟಣಕ್ಕೆ ಒಂದು. ಮತದ ಹಕ್ಕು ಗಂಡಸರಿಗೆ ಮಾತ್ರ. ಅವರಲ್ಲೂ 200 ಪೌಂಡ್ ಬೆಲೆಯ ಸ್ವಂತ ಆಸ್ತಿ ಇದ್ದವರು, ಇಲ್ಲವೇ ವರ್ಷಕ್ಕೆ 20 ಪೌಂಡ್ ಬಾಳುವ ಮನೆಯಲ್ಲಿ ಇದ್ದವರು ಮಾತ್ರ ಮತದಾರರು.

ಕಣದಲ್ಲಿ ಇಬ್ಬರು. ಒಬ್ಬ ಹೆನ್ರಿ ಕಾಂಡೆಲ್, ಬಿಯರ್ ತಯಾರಿಸುವ ಉದ್ಯಮಿ, ಪಟ್ಟಣದ ಮೊದಲ ಮೇಯರ್. ಇನ್ನೊಬ್ಬ ಎಡ್ವರ್ಡ್ ಕರ್, ಪೋರ್ಟ್ ಫಿಲಿಪ್ ಪ್ರತ್ಯೇಕ ವಸಾಹತಾಗಬೇಕೆಂದು ಗಟ್ಟಿಯಾಗಿ ವಾದಿಸುತ್ತಿದ್ದ ಜಮೀನ್ದಾರ. ಕರ್ ಕ್ಯಾಥೊಲಿಕ್, ಕಾಂಡೆಲ್ ಪ್ರೊಟೆಸ್ಟೆಂಟ್. ಯಾರ ಮತ ಯಾರಿಗೆ ಎಂಬುದು ಬಹಿರಂಗ. ಇಂಗ್ಲೆಂಡಿನಿಂದ ಬಂದ ಪದ್ಧತಿ ಅದು: ಕಟ್ಟೆಯ ಮೇಲೆ ಉಮೇದುವಾರರ ಹೆಸರು ಕೂಗುವುದು, ನೆರೆದವರು ಕೈ ಎತ್ತುವುದು, ಸೋತವರು ಒಪ್ಪದಿದ್ದರೆ ಮತದಾನ. ಅಧಿಕಾರಿಯ ಮುಂದೆ ನಿಂತು ತನ್ನ ಆಯ್ಕೆ ತಿಳಿಸುವ ಮತದಾರನನ್ನು ಎರಡೂ ಕಡೆಯ ಜನ ನೋಡುತ್ತಿರುತ್ತಾರೆ. ಅವನಿಗೆ ಸಾಲ ಕೊಟ್ಟವನು, ಕೆಲಸ ಕೊಟ್ಟವನು, ಅವನ ಅಂಗಡಿಗೆ ಬರುವ ಗಿರಾಕಿ, ಅವನ ಚರ್ಚಿನ ಪಾದ್ರಿ, ಎಲ್ಲರೂ ಅಲ್ಲೇ ಇರುತ್ತಾರೆ. ಕಾಂಡೆಲ್ ಗೆದ್ದ. ಫಲಿತಾಂಶ ಗೊತ್ತಾಗುತ್ತಲೇ ಗಲಭೆ ಎದ್ದಿತು, ಕಿಟಕಿಗಳು ಒಡೆದವು. ಯಾವ ಮನೆಗೆ ಕಲ್ಲು ಹೊಡೆಯಬೇಕೆಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಅದನ್ನು ಆ ದಿನದ ಮತದಾನವೇ ಹೇಳಿಬಿಟ್ಟಿತ್ತು.

ಈ ಒಂದು ಕ್ಷೇತ್ರದ ಚರಿತ್ರೆಯನ್ನು ಆಸೆಯಿಂದ ಓದುತ್ತ ಬಂದವನು ನಾನು. ಅಲ್ಲಿ ಗೆದ್ದವರು ಸೋತವರ ಪಟ್ಟಿಗಾಗಿ ಅಲ್ಲ. ಗಲಭೆಯ ಆ ಮೊದಲ ಚುನಾವಣೆಗೂ 1856ರ ಶಾಂತ ಮತದಾನಕ್ಕೂ ನಡುವೆ ಇರುವುದು ಹದಿಮೂರು ವರ್ಷ. ಆ ಅವಧಿಯಲ್ಲಿ ಅಲ್ಲಿ ಒಂದು ಕುಶಲಕೆಲಸ ರೂಪುಗೊಂಡಿತು. ಕಾಗದ, ಶಾಯಿ, ಮರದ ಪೆಟ್ಟಿಗೆ, ಬೀಗ, ಅಡ್ಡಗೋಡೆ, ಸಹಿ ಇಷ್ಟನ್ನೇ ಇಟ್ಟುಕೊಂಡು ಮನುಷ್ಯನೊಬ್ಬ ಯಾರಿಗೂ ಹೆದರದೆ ತನ್ನ ಮನಸ್ಸು ತಿಳಿಸುವಂತೆ ಮಾಡುವ ಕೆಲಸ ಅದು. ನಾವು ಇಂದು ಮತಗಟ್ಟೆಯಲ್ಲಿ ಯೋಚಿಸದೆ ಮಾಡುವ ಪ್ರತಿಯೊಂದು ಕ್ರಿಯೆಯ ಹಿಂದೆಯೂ ಯಾರೋ ಕೂತು ಲೆಕ್ಕ ಹಾಕಿದ ಒಂದು ಕಾರಣ ಇದೆ.

ಚೀಟಿಯ ಕಥೆಗೆ ಮುಂಚೆ ಇನ್ನೊಂದು ಚುನಾವಣೆಯನ್ನು ಹೇಳಲೇಬೇಕು. ಮೆಲ್ಬರ್ನಿನಿಂದ ಸಿಡ್ನಿಗೆ ಸಮುದ್ರದ ಮೇಲೆ ದಿನಗಟ್ಟಲೆ ಪ್ರಯಾಣ. ಸದಸ್ಯರಿಗೆ ಸಂಬಳವಿಲ್ಲ, ಅಧಿವೇಶನ ತಿಂಗಳುಗಟ್ಟಲೆ. ಮನೆಮಾರು ವ್ಯಾಪಾರ ಬಿಟ್ಟು ಹೋಗುವವರು ಯಾರು? ಹೀಗಾಗಿ ಪೋರ್ಟ್ ಫಿಲಿಪ್ ಪರವಾಗಿ ಕೂತವರಲ್ಲಿ ಸಿಡ್ನಿಯ ಕಡೆಯವರೇ ಬಹಳ. ಕಾಂಡೆಲ್ ಕೂಡ 1844ರಲ್ಲಿ ರಾಜೀನಾಮೆ ಕೊಟ್ಟ. ಅದೇ ವರ್ಷ ಜಾನ್ ಡನ್‌ಮೋರ್ ಲ್ಯಾಂಗ್ ಎಂಬ ಪಾದ್ರಿ, ಅವನೂ ಪೋರ್ಟ್ ಫಿಲಿಪ್‌ನ ಸದಸ್ಯನೇ, ಜಿಲ್ಲೆಯನ್ನು ಪ್ರತ್ಯೇಕಿಸಬೇಕೆಂಬ ಗೊತ್ತುವಳಿ ಮಂಡಿಸಿದ. 19ಕ್ಕೆ 6ರಂತೆ ಅದು ಬಿದ್ದುಹೋಯಿತು. ನಾವು ಕಳಿಸುವ ಸದಸ್ಯನಿಂದ ಏನೂ ಆಗದು ಎಂಬುದು ಮೆಲ್ಬರ್ನಿಗರಿಗೆ ಆಗ ಖಚಿತವಾಯಿತು.

1848ರಲ್ಲಿ ಅವರು ಮಾಡಿದ ಕೆಲಸಕ್ಕೆ ಸಾಟಿಯಿಲ್ಲ. ಲಂಡನ್ನಿನಲ್ಲಿ ಕೂತು ಎಲ್ಲ ವಸಾಹತುಗಳನ್ನೂ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಸಚಿವ ಅರ್ಲ್ ಗ್ರೇಯನ್ನೇ ಮೆಲ್ಬರ್ನ್ ಕ್ಷೇತ್ರಕ್ಕೆ ಉಮೇದುವಾರನನ್ನಾಗಿ ಸೂಚಿಸಿದರು, 295 ಮತ ಕೊಟ್ಟು ಗೆಲ್ಲಿಸಿದರು. ಎದುರಾಳಿಯಾಗಿದ್ದ ಸ್ಥಳೀಯ ಗಣ್ಯ ಲೆಸ್ಲಿ ಫಾಸ್ಟರ್‌ಗೆ ಬಂದದ್ದು 102. (ಚಹಾದ ಹೆಸರಿನಲ್ಲಿ ಜನ ನೆನೆಯುವ ಅರ್ಲ್ ಗ್ರೇ ಈತನ ತಂದೆ.) ಸಮುದ್ರದಾಚೆ ಇರುವ ಆ ಸಚಿವ ಸಿಡ್ನಿಯ ಸಭೆಗೆ ಬರುವುದಿಲ್ಲ ಎಂಬುದು ಗೊತ್ತಿದ್ದೇ ಅವರು ಆರಿಸಿದರು. ನಮ್ಮ ಕುರ್ಚಿ ಖಾಲಿಯೇ ಇರುವುದಾದರೆ ಅದು ಯಾರ ಹೆಸರಿನಲ್ಲಿ ಖಾಲಿ ಇದ್ದರೆ ಲಂಡನ್ನಿಗೆ ಕೇಳಿಸುತ್ತದೆ ಎಂದು ಲೆಕ್ಕ ಹಾಕಿದ್ದರು. ಒಂದು ಕ್ಷೇತ್ರಕ್ಕೆ ತನ್ನ ಏಕೈಕ ಸ್ಥಾನವನ್ನೇ ಮನವಿಪತ್ರವನ್ನಾಗಿ ಮಾಡಿಕೊಳ್ಳುವ ಧೈರ್ಯ ಇತ್ತಲ್ಲ, ಅದು ನನಗೆ ಇಂದಿಗೂ ಮೆಚ್ಚುಗೆಯ ವಿಷಯ. 1850ರವರೆಗೂ ಆ ಸ್ಥಾನ ಗ್ರೇ ಹೆಸರಿನಲ್ಲೇ ಇತ್ತು. ಅದೇ ವರ್ಷ ಬ್ರಿಟಿಷ್ ಸಂಸತ್ತು ಪ್ರತ್ಯೇಕತೆಗೆ ಒಪ್ಪಿತು. 1851ರ ಜುಲೈ 1ರಂದು ವಿಕ್ಟೋರಿಯಾ ಹುಟ್ಟಿತು. ಹೊಸ ಶಾಸನ ಪರಿಷತ್ತಿನಲ್ಲಿ ಮೆಲ್ಬರ್ನಿಗೆ ಮೂರು ಸ್ಥಾನ ಬಂದವು.

ಆ ವರ್ಷವೇ ಚಿನ್ನ ಸಿಕ್ಕಿತು. 1851ರಲ್ಲಿ ಸುಮಾರು 77 ಸಾವಿರ ಇದ್ದ ವಿಕ್ಟೋರಿಯಾದ ಜನಸಂಖ್ಯೆ ಹತ್ತೇ ವರ್ಷದಲ್ಲಿ ಐದು ಲಕ್ಷ ದಾಟಿತು. ಹಡಗು ಇಳಿದವರಲ್ಲಿ ಇಂಗ್ಲೆಂಡಿನ ಚಾರ್ಟಿಸ್ಟ್ ಚಳವಳಿಯಲ್ಲಿ ಓಡಾಡಿದವರೂ ಇದ್ದರು. 1838ರಲ್ಲಿ ಅವರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಗುಟ್ಟಿನ ಮತದಾನ ಒಂದು. ಇಂಗ್ಲೆಂಡಿನ ದೊಡ್ಡವರು ಅದನ್ನು ಹೇಡಿಗಳ ಪದ್ಧತಿ, ಇಂಗ್ಲಿಷರಿಗೆ ಒಗ್ಗದ್ದು ಎಂದು ತಳ್ಳಿಹಾಕಿದ್ದರು. ಬಲ್ಲರಾಟ್‌ನ ಚಿನ್ನದ ಗಣಿಯಲ್ಲಿ 1854ರ ಡಿಸೆಂಬರ್‌ನಲ್ಲಿ ನಡೆದ ಯುರೇಕಾ ದಂಗೆಯ ನಂತರ ಮೆಲ್ಬರ್ನಿನ ಗಾಳಿ ಬದಲಾಗಿತ್ತು. ದಂಗೆಯ ಆರೋಪಿಗಳ ಪರ ವಾದಿಸಿದ ವಕೀಲರಲ್ಲಿ ಹೆನ್ರಿ ಸ್ಯಾಮ್ಯುಯೆಲ್ ಚಾಪ್‌ಮನ್ ಎಂಬವನಿದ್ದ. ಈ ಕಥೆಯ ಮುಖ್ಯ ಕುಶಲಕರ್ಮಿ ಅವನೇ.

1855ರ ಡಿಸೆಂಬರ್‌ನಲ್ಲಿ, ಹಿಂದೆ ಮೆಲ್ಬರ್ನಿನ ಮೇಯರ್ ಆಗಿದ್ದ ದಿನಸಿ ವ್ಯಾಪಾರಿ ವಿಲಿಯಂ ನಿಕಲ್ಸನ್ ಪರಿಷತ್ತಿನಲ್ಲಿ ಗುಟ್ಟಿನ ಮತದಾನದ ಗೊತ್ತುವಳಿ ತಂದ. ವಿಲಿಯಂ ಹೇನ್ಸ್ ನೇತೃತ್ವದ ಸರ್ಕಾರ ಎದುರು ನಿಂತು ಸೋತಿತು, ರಾಜೀನಾಮೆ ಕೊಟ್ಟಿತು. ಸರ್ಕಾರ ರಚಿಸೆಂದು ಗವರ್ನರ್ ಹಾಥಮ್ ನಿಕಲ್ಸನ್‌ಗೆ ಹೇಳಿದ. ಅಷ್ಟರಲ್ಲಿ, ಡಿಸೆಂಬರ್ 31ರಂದು, ಹಾಥಮ್ ತೀರಿಕೊಂಡ. ನಿಕಲ್ಸನ್‌ಗೆ ಸರ್ಕಾರ ಕಟ್ಟಲಾಗಲಿಲ್ಲ, ಹೇನ್ಸ್ ಮರಳಿದ. ಗೊತ್ತುವಳಿ ಮಾತ್ರ ಉಳಿಯಿತು. ಗುಟ್ಟಿನ ಮತ ಬೇಕು ಎಂದು ಹೇಳುವುದು ಸುಲಭ. ಕಾನೂನಿನ ಕಲಮುಗಳಲ್ಲಿ ಅದು ನಡೆಯುವಂತೆ ಬರೆಯುವುದು ಬೇರೆಯೇ ಕೆಲಸ. ಆ ಕಲಮುಗಳನ್ನು ಬರೆದವನು ಚಾಪ್‌ಮನ್. 1856ರ ಮಾರ್ಚ್ 19ರಂದು ಅದು ಕಾನೂನಾಯಿತು. ನೆರೆಯ ಸೌತ್ ಆಸ್ಟ್ರೇಲಿಯಾದಲ್ಲಿ ಏಪ್ರಿಲ್ 2ರಂದು ಅಂಥದೇ ಕಾನೂನು ಬಂತು. ಟಾಸ್ಮೇನಿಯಾವೂ ಅದೇ ವರ್ಷ ಈ ದಾರಿ ಹಿಡಿಯಿತು.

ಚೀಟಿ ಹಾಕಿ ಮತ ಕೊಡುವುದು ಹೊಸತೇನಲ್ಲ. ಪ್ರಾಚೀನ ರೋಮಿನಲ್ಲಿ ಮೇಣ ಬಳಿದ ಹಲಗೆಗಳಿದ್ದವು, ಅಮೆರಿಕದಲ್ಲಿ ಕಾಗದದ ಚೀಟಿಗಳಿದ್ದವು. ಅಮೆರಿಕದ ಚೀಟಿಗಳನ್ನು ಪಕ್ಷಗಳೇ ಅಚ್ಚು ಹಾಕಿಸಿ ಹಂಚುತ್ತಿದ್ದವು. ಕಾಗದದ ಬಣ್ಣ, ಅಳತೆ ನೋಡಿದರೆ ಸಾಕು, ಯಾವ ಪಕ್ಷದ್ದೆಂದು ದೂರದಿಂದಲೇ ತಿಳಿಯುತ್ತಿತ್ತು. ಕೈಯಲ್ಲಿ ಚೀಟಿ ಇದ್ದರೂ ಗುಟ್ಟಿರಲಿಲ್ಲ. ವಿಕ್ಟೋರಿಯಾದ ಕಾನೂನು ಈ ತೊಡಕನ್ನು ಬುಡದಲ್ಲೇ ಬಿಡಿಸಿತು. ಚೀಟಿಯನ್ನು ಸರ್ಕಾರವೇ ಅಚ್ಚು ಹಾಕಿಸಬೇಕು. ಅದರಲ್ಲಿ ಎಲ್ಲ ಉಮೇದುವಾರರ ಹೆಸರೂ ಇರಬೇಕು. ಮತಗಟ್ಟೆಯೊಳಗೆ ಮಾತ್ರ ಅದು ಸಿಗಬೇಕು. ಎಲ್ಲರ ಕೈಯಲ್ಲೂ ಒಂದೇ ಚೀಟಿ ಇದ್ದಮೇಲೆ ಚೀಟಿಯನ್ನು ನೋಡಿ ಮನುಷ್ಯನನ್ನು ಗುರುತಿಸುವ ಮಾತೇ ಬರುವುದಿಲ್ಲ. ಇಷ್ಟು ಸರಳವಾದ ಉಪಾಯ ಅಲ್ಲಿಯವರೆಗೆ ಉಳಿದವರಿಗೆ ಯಾಕೆ ಹೊಳೆಯಲಿಲ್ಲ ಎಂದು ನನಗೆ ಅಚ್ಚರಿ.

ಇನ್ನು ಮತದಾರ ಒಳಗೆ ಬಂದಮೇಲೆ ಆಗುವುದನ್ನು ನಿಧಾನವಾಗಿ ನೋಡಬೇಕು. ಅಧಿಕಾರಿ ಪಟ್ಟಿಯಲ್ಲಿ ಹೆಸರು ಹುಡುಕುತ್ತಾನೆ. ಚೀಟಿಯ ಹಿಂಬದಿಗೆ ತನ್ನ ಸಹಿಯ ಗುರುತು ಹಾಕುತ್ತಾನೆ. ಅಲ್ಲೇ ಮತದಾರನ ಪಟ್ಟಿಯ ಸಂಖ್ಯೆಯನ್ನೂ ಬರೆಯುತ್ತಾನೆ. ಮತದಾರ ಚೀಟಿ ಹಿಡಿದು ಅಡ್ಡಗೋಡೆಯ ಮರೆಗೆ ಹೋಗುತ್ತಾನೆ. ಅಲ್ಲಿ ಲೇಖನಿ ಇರುತ್ತದೆ, ಇನ್ನೊಬ್ಬ ಮನುಷ್ಯ ಇರುವುದಿಲ್ಲ. ತನಗೆ ಬೇಡದವರ ಹೆಸರುಗಳನ್ನು ಹೊಡೆದು ಹಾಕುತ್ತಾನೆ. ಉಳಿದ ಹೆಸರೇ ಅವನ ಮತ. ಬರಹ ಒಳಗಾಗುವಂತೆ ಮಡಿಸುತ್ತಾನೆ. ಹೊರಬಂದು, ಎಲ್ಲರಿಗೂ ಕಾಣುವಂತೆ ಇಟ್ಟ ಬೀಗದ ಪೆಟ್ಟಿಗೆಗೆ ತಾನೇ ಹಾಕುತ್ತಾನೆ. ಓದುಬರಹ ಬಾರದವನಿಗೆ, ಕಣ್ಣು ಕಾಣದವನಿಗೆ ಅಧಿಕಾರಿಯ ನೆರವು ಉಂಟು.

ಇಲ್ಲಿ ಏನು ಮರೆಯಾಗಿದೆ, ಏನು ಬಯಲಿನಲ್ಲಿದೆ ಎಂದು ಗಮನಿಸಿ. ಮತದಾರ ಬಂದದ್ದು ಬಯಲು, ಚೀಟಿ ಪಡೆದದ್ದು ಬಯಲು, ಪೆಟ್ಟಿಗೆಗೆ ಹಾಕಿದ್ದು ಬಯಲು. ಗುರುತು ಮಾಡುವ ಒಂದು ಗಳಿಗೆ ಮಾತ್ರ ಮರೆ. ಎಲ್ಲವನ್ನೂ ಮರೆಮಾಡಿದ್ದರೆ ಒಬ್ಬ ಹತ್ತು ಚೀಟಿ ತುರುಕಬಹುದಿತ್ತು, ಎಲ್ಲವನ್ನೂ ಬಯಲಿಗಿಟ್ಟಿದ್ದರೆ ಹಳೆಯ ಗಲಭೆಗೆ ಮರಳಿದಂತೆ ಆಗುತ್ತಿತ್ತು. ಮರೆಯನ್ನು ಎಷ್ಟು ಬೇಕೋ ಅಷ್ಟಕ್ಕೇ ಕತ್ತರಿಸಿದ್ದು ಚಾಪ್‌ಮನ್ನನ ಹದ, ಒಳ್ಳೆಯ ದರ್ಜಿ ಬಟ್ಟೆ ಕತ್ತರಿಸಿದಂತೆ.

ಇನ್ನೊಂದು ಸೂಕ್ಷ್ಮವೂ ಇದೆ. ಮರೆ ಎಂಬುದು ಮತದಾರನಿಗೆ ಕೊಟ್ಟ ಹಕ್ಕು ಮಾತ್ರವಲ್ಲ, ಅವನ ಮೇಲೆ ಹೇರಿದ ಕಡ್ಡಾಯ ಕೂಡ. ಬೇಕಾದವರು ಗುಟ್ಟಾಗಿ ಕೊಡಲಿ, ಬೇಡದವರು ತೋರಿಸಿ ಕೊಡಲಿ ಎಂದು ಬಿಟ್ಟಿದ್ದರೆ, ಗುಟ್ಟು ಮಾಡಿದವನ ಮೇಲೇ ಮಾಲೀಕನಿಗೆ ಗುಮಾನಿ ಬರುತ್ತಿತ್ತು. ಎಲ್ಲರೂ ಮರೆಗೆ ಹೋಗಲೇಬೇಕಾದಾಗ ಯಾರೂ ಯಾರಿಗೂ ಸಾಬೀತು ಮಾಡಿ ತೋರಿಸಲಾರರು. ಮತವನ್ನು ಮಾರುವವನು ಸರಕು ಒಪ್ಪಿಸಿದೆ ಎಂದು ತೋರಿಸಲು ಆಗದಿದ್ದರೆ ಕೊಳ್ಳುವವನು ಹಣ ಕೊಡುವುದು ಯಾವ ಭರವಸೆಯ ಮೇಲೆ?

ಆದರೂ ಕೊಳ್ಳುವವರು ಸುಮ್ಮನಿರಲಿಲ್ಲ. ಈ ಚೀಟಿಯನ್ನು ಸೋಲಿಸಲು ಹೂಡಿದ ತಂತ್ರಕ್ಕೆ ಟಾಸ್ಮೇನಿಯಾದ ಹೆಸರೇ ಅಂಟಿಕೊಂಡಿದೆ. ಮೊದಲ ಮತದಾರ ಒಳಗೆ ಹೋಗಿ ಪೆಟ್ಟಿಗೆಗೆ ಬೇರೊಂದು ಕಾಗದ ಹಾಕಿ, ಖಾಲಿ ಚೀಟಿಯನ್ನು ಜೇಬಿನಲ್ಲಿ ಹೊರಗೆ ತರುತ್ತಾನೆ. ಹೊರಗಿನ ದಲ್ಲಾಳಿ ಅದರಲ್ಲಿ ತನಗೆ ಬೇಕಾದಂತೆ ಗುರುತು ಮಾಡಿ ಎರಡನೆಯವನ ಕೈಗೆ ಕೊಡುತ್ತಾನೆ. ಎರಡನೆಯವನು ಅದನ್ನು ಪೆಟ್ಟಿಗೆಗೆ ಹಾಕಿ, ತನಗೆ ಒಳಗೆ ಕೊಟ್ಟ ಖಾಲಿ ಚೀಟಿ ತಂದು ಒಪ್ಪಿಸಿ ಹಣ ಪಡೆಯುತ್ತಾನೆ. ಮೂರನೆಯವನಿಗೆ ಆ ಚೀಟಿ. ದಿನವಿಡೀ ಸರಪಳಿ ಸಾಗುತ್ತದೆ. ಅಧಿಕಾರಿ ಹಿಂಬದಿಗೆ ಹಾಕುವ ಗುರುತಿನ ಬೆಲೆ ಇಲ್ಲಿ ಕಾಣುತ್ತದೆ. ಮಡಿಸಿದ ಚೀಟಿಯ ಹಿಂಬದಿಯ ಗುರುತನ್ನು ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು ಎಂದರೆ ಮೊದಲ ಬೇರೆ ಕಾಗದ ಒಳಗೆ ಹೋಗುವುದಿಲ್ಲ; ಸರಪಳಿಯ ಮೊದಲ ಕೊಂಡಿಯೇ ಕೂಡಿಕೊಳ್ಳುವುದಿಲ್ಲ. ಬ್ರಿಟನ್ನಿನ 1872ರ ಕಾನೂನು ಈ ತೋರಿಸುವ ನಿಯಮವನ್ನು ಬರೆದೇ ಇಟ್ಟಿತು.

ಚಾಪ್‌ಮನ್ನನ ಕೆಲಸವನ್ನು ತಿದ್ದಿ ನಯಗೊಳಿಸಿದವನು ಸೌತ್ ಆಸ್ಟ್ರೇಲಿಯಾದ ಚುನಾವಣಾಧಿಕಾರಿ ವಿಲಿಯಂ ಬೂತ್‌ಬಿ. ಹೆಸರು ಹೊಡೆದು ಹಾಕುವುದರಲ್ಲಿ ತೊಂದರೆ ಇತ್ತು. ಉಮೇದುವಾರರು ಹೆಚ್ಚಿದಷ್ಟೂ ಹೊಡೆಯುವುದು ಹೆಚ್ಚು, ಒಂದು ಗೆರೆ ತಪ್ಪಿದರೆ ಮತ ಕೆಟ್ಟಿತು. ಬೇಡದವರ ಲೆಕ್ಕ ಬಿಟ್ಟು, ಬೇಕಾದವನ ಹೆಸರಿನ ಎದುರಿನ ಚೌಕದಲ್ಲಿ ಒಂದು ಅಡ್ಡಗುರುತು ಹಾಕಿಸಿದರೆ ಸಾಕು ಎಂಬುದು ಬೂತ್‌ಬಿ ಕಂಡ ದಾರಿ. 1858ರಲ್ಲಿ ಅದು ಕಾನೂನಾಯಿತು. ಚೀಟಿಯ ಹಿಂದೆ ಮತದಾರನ ಸಂಖ್ಯೆ ಬರೆಯುವುದನ್ನೂ ಸೌತ್ ಆಸ್ಟ್ರೇಲಿಯಾ ಒಪ್ಪಲಿಲ್ಲ. ವಿಕ್ಟೋರಿಯಾದ ವಾದ: ಒಬ್ಬರ ಮತವನ್ನು ಇನ್ನೊಬ್ಬರು ಹಾಕಿದ್ದರೆ ನ್ಯಾಯಾಲಯ ಆ ಚೀಟಿಯನ್ನು ಹುಡುಕಿ ತೆಗೆಯಬೇಕಲ್ಲ, ಅದಕ್ಕೆ ಸಂಖ್ಯೆ ಬೇಕು. ಸೌತ್ ಆಸ್ಟ್ರೇಲಿಯಾದ ವಾದ: ಹುಡುಕಲು ಸಾಧ್ಯವಾದದ್ದು ಗುಟ್ಟಲ್ಲ. ಈ ಎರಡು ಮನೆತನಗಳ ವಾದ ಇನ್ನೂ ಮುಗಿದಿಲ್ಲ. ನನ್ನ ಒಲವು ವಿಕ್ಟೋರಿಯಾದ ಕಡೆಗೆ. ಮೋಸದ ಮತವನ್ನು ತೆಗೆದುಹಾಕಲು ದಾರಿಯೇ ಇಲ್ಲದ ಚುನಾವಣೆಯಲ್ಲಿ ನಿಜವಾದ ಮತದಾರನ ಗುಟ್ಟಿಗೂ ಬೆಲೆ ಉಳಿಯುವುದಿಲ್ಲ.

ಎದುರು ವಾದಿಸಿದವರೆಲ್ಲ ಸ್ವಾರ್ಥಿಗಳಾಗಿರಲಿಲ್ಲ. ಚಾಪ್‌ಮನ್ನನ ಗೆಳೆಯನೇ ಆಗಿದ್ದ ಜಾನ್ ಸ್ಟುವರ್ಟ್ ಮಿಲ್ 1859ರ ಹೊತ್ತಿಗೆ ಗುಟ್ಟಿನ ಮತದ ವಿರುದ್ಧ ಬರೆದ. ಮತ ಎಂಬುದು ಊರಿನ ಪರವಾಗಿ ಒಬ್ಬನ ಕೈಗೆ ಕೊಟ್ಟ ಹೊಣೆ, ಅದನ್ನು ಎಲ್ಲರ ಕಣ್ಣೆದುರೇ ನಿಭಾಯಿಸಬೇಕು ಎಂಬುದು ಅವನ ನಿಲುವು. ಮತದ ಹಕ್ಕಿಲ್ಲದ ಬಡವರು, ಹೆಂಗಸರು ಕೊನೆಯ ಪಕ್ಷ ನೋಡಿ ಪ್ರಶ್ನಿಸಲಿ ಎಂಬ ಕಾಳಜಿ ಅದರಲ್ಲಿತ್ತು. ತೂಕದ ಮಾತು. ಆದರೆ ನೋಡಲು ಬರುವವರಲ್ಲಿ ಬಡವರಿಗಿಂತ ಮೊದಲು ಸಾಲ ಕೊಟ್ಟವರೇ ಬಂದು ನಿಲ್ಲುತ್ತಾರೆ ಎಂಬುದನ್ನು ಮೆಲ್ಬರ್ನ್ ಅನುಭವದಿಂದ ಬಲ್ಲದಾಗಿತ್ತು.

1856ರ ಚುನಾವಣೆಯಲ್ಲಿ ಹೊಸ ಶಾಸನಸಭೆಗೆ ಮೆಲ್ಬರ್ನ್ ಕ್ಷೇತ್ರ ಐವರನ್ನು ಆರಿಸಬೇಕಿತ್ತು. ಗೆದ್ದವರಲ್ಲಿ ಒಬ್ಬ ವಿಲಿಯಂ ಸ್ಟಾವೆಲ್. ಹಿಂದಿನ ಡಿಸೆಂಬರ್‌ನಲ್ಲಿ ಗುಟ್ಟಿನ ಮತವನ್ನು ವಿರೋಧಿಸಿ ಸೋತ ಸರ್ಕಾರದ ಅಟಾರ್ನಿ ಜನರಲ್ ಈತನೇ. ಗುಟ್ಟಿನ ಮತ ಒಂದು ಗುಂಪಿನ ಆಯುಧವಾಗುತ್ತದೆ ಎಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ. ಊರು ಬೆಳೆಯಿತು, 1859ರಲ್ಲಿ ಕ್ಷೇತ್ರವನ್ನು ಪೂರ್ವ, ಪಶ್ಚಿಮ ಎಂದು ಒಡೆದರು.

ಚೀಟಿ ಮಾತ್ರ ಸಮುದ್ರ ದಾಟುತ್ತಾ ಹೋಯಿತು. ನ್ಯೂಜಿಲೆಂಡ್ 1870ರಲ್ಲಿ, ಬ್ರಿಟನ್ 1872ರಲ್ಲಿ, ಕೆನಡಾ 1874ರಲ್ಲಿ ಅದನ್ನು ಕಾನೂನಾಗಿಸಿದವು. ಅಮೆರಿಕದ ಮ್ಯಾಸಚೂಸೆಟ್ಸ್ 1888ರಲ್ಲಿ ಒಪ್ಪಿಕೊಂಡಾಗ ಅಲ್ಲಿನವರು ಅದನ್ನು ಆಸ್ಟ್ರೇಲಿಯಾದ ಚೀಟಿ ಎಂದೇ ಕರೆದರು. ಬ್ರಿಟನ್ನಿನಲ್ಲಿ ಈ ಪದ್ಧತಿಯ ಮೊದಲ ಸಂಸತ್ ಚುನಾವಣೆ 1872ರ ಆಗಸ್ಟ್ 15ರಂದು ಯಾರ್ಕ್‌ಷೈರ್‌ನ ಪಾಂಟಿಫ್ರಾಕ್ಟ್‌ನಲ್ಲಿ ನಡೆಯಿತು. ಆ ಮರದ ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಲು ಬಳಸಿದ್ದು ಜೇಷ್ಠಮಧುವಿನ ಮಿಠಾಯಿ ಮಾಡುವ ಕಾರ್ಖಾನೆಯ ಅಚ್ಚು: ಒಂದು ಕೋಟೆ, ಒಂದು ಗೂಬೆ. ಊರಿಗೆ ಹೆಸರು ತಂದ ಸಿಹಿಯ ಮುದ್ರೆ ಹೊತ್ತ ಆ ಪೆಟ್ಟಿಗೆ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ಅಂದು ಗೆದ್ದವನು ಹ್ಯೂ ಚಿಲ್ಡರ್ಸ್. ಈತ 1850ರಲ್ಲಿ ಮೆಲ್ಬರ್ನಿಗೆ ಹೋಗಿ, ಹೇನ್ಸ್ ಸರ್ಕಾರದಲ್ಲಿ ಸುಂಕದ ಖಾತೆ ನೋಡಿಕೊಂಡು, ಅಲ್ಲಿನ ವಿಶ್ವವಿದ್ಯಾಲಯ ಕಟ್ಟುವುದರಲ್ಲಿ ದುಡಿದು, 1856ರ ಗುಟ್ಟಿನ ಮತದಾನದಲ್ಲೇ ಪೋರ್ಟ್‌ಲ್ಯಾಂಡ್ ಕ್ಷೇತ್ರದಿಂದ ಗೆದ್ದಿದ್ದವನು.

ನಮ್ಮಲ್ಲಿ 1951–52ರ ಮೊದಲ ಸಾರ್ವತ್ರಿಕ ಚುನಾವಣೆ ಬೇರೆ ದಾರಿ ಹಿಡಿಯಿತು. ಓದುಬರಹ ಬಾರದವರೇ ಹೆಚ್ಚಿದ್ದ ದೇಶದಲ್ಲಿ ಪ್ರತಿ ಉಮೇದುವಾರನಿಗೂ ಅವನ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಟ್ಟರು. ಚೀಟಿಯ ಮೇಲೆ ಗುರುತು ಮಾಡುವುದೇ ಇಲ್ಲ, ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಪೆಟ್ಟಿಗೆಗಳು ಮರೆಯಲ್ಲಿದ್ದುದರಿಂದ ಚೀಟಿಯನ್ನು ಹಾಕದೆ ಹೊರಗೆ ಒಯ್ಯಲು ಅವಕಾಶವಿತ್ತು. 1962ರ ಹೊತ್ತಿಗೆ ಚಿಹ್ನೆಗಳನ್ನು ಅಚ್ಚು ಹಾಕಿದ ಒಂದೇ ಚೀಟಿ, ಬಾಣದ ಅಡ್ಡಗುರುತಿನ ರಬ್ಬರ್ ಮೊಹರು, ಎಲ್ಲರೆದುರು ಒಂದೇ ಪೆಟ್ಟಿಗೆ ಬಂದವು. ಬೂತ್‌ಬಿಯ ಅಡ್ಡಗುರುತು, ಚಾಪ್‌ಮನ್ನನ ಹಿಂಬದಿಯ ಸಹಿ ಎರಡೂ ಅದರಲ್ಲಿವೆ. ಆ ಚುನಾವಣೆಯಲ್ಲೇ ಬೆರಳಿಗೆ ಮೈಸೂರಿನ ಬಣ್ಣದ ಕಾರ್ಖಾನೆಯ ಅಳಿಸಲಾಗದ ಶಾಯಿಯೂ ಬಂತು.

ಕರ್ನಾಟಕದ 2020ರ ಗ್ರಾಮ ಪಂಚಾಯಿತಿ ಚುನಾವಣೆ ಬಹುಪಾಲು ಕಡೆ ಬ್ಯಾಲೆಟ್ ಪೇಪರಿನಲ್ಲೇ ನಡೆಯಿತು. ಮಸ್ಟರಿಂಗ್ ದಿನ ಪೆಟ್ಟಿಗೆ ಹೊತ್ತು ಶಾಲೆಯ ಕೋಣೆಗೆ ಹೋಗಿ ರಾತ್ರಿ ಅಲ್ಲೇ ಮಲಗಿದ ಶಿಕ್ಷಕರಿಗೆ, ಗುಮಾಸ್ತರಿಗೆ ಈ ಕುಶಲಕೆಲಸದ ಒಳಗುಟ್ಟು ಗೊತ್ತು. ಮತದಾರನಿಗೆ ಕೊಡುವ ಮುಂಚೆ ಚೀಟಿಯನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಿ ಬಿಡಿಸಿ ಗೆರೆ ಮೂಡಿಸಿಕೊಡುತ್ತಾರೆ. ಕಾರಣ ಇದು: ಹೆಸರುಗಳು ಒಂದರ ಕೆಳಗೊಂದು ಇರುತ್ತವೆ. ಮೊದಲೇ ಅಡ್ಡಕ್ಕೆ ಮಡಿಸಿದರೆ ಒಣಗದ ಮೊಹರಿನ ಶಾಯಿ ಕೆಳಗಿನ ಇನ್ನೊಬ್ಬನ ಚಿಹ್ನೆಯ ಮೇಲೆ ಅಂಟಿ ಎಣಿಕೆಯ ಮೇಜಿನಲ್ಲಿ ಜಗಳವಾಗುತ್ತದೆ. ಮೊದಲು ಉದ್ದಕ್ಕೆ ಮಡಿಸಿದರೆ ಶಾಯಿ ಅದೇ ಹೆಸರಿನ ಸಾಲಿನಲ್ಲೇ ಉಳಿಯುತ್ತದೆ. ಈ ಮಡಿಕೆ ಕಲಿಸಿದವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಚಾಪ್‌ಮನ್, ಬೂತ್‌ಬಿ ಇವರ ಸಾಲಿನಲ್ಲೇ ನಾನು ಅವರನ್ನೂ ಇಡುತ್ತೇನೆ.

ವಿಕ್ಟೋರಿಯಾದ ಚರಿತ್ರೆಯಲ್ಲಿ ಇನ್ನೊಂದು ಮಾತು ಬಾಕಿ ಇದೆ. 1863ರ ಚುನಾವಣಾ ಕಾನೂನು ಬರೆಯುವಾಗ, ಪುರಸಭೆಗೆ ತೆರಿಗೆ ಕಟ್ಟುವ ಎಲ್ಲ ವ್ಯಕ್ತಿಗಳೂ ಮತದಾರರು ಎಂದು ಬರೆದುಬಿಟ್ಟಿದ್ದರು. ತೆರಿಗೆ ಕಟ್ಟುವವರಲ್ಲಿ ಹೆಂಗಸರೂ ಇದ್ದರು. 1864ರ ಚುನಾವಣೆಗೆ ಅವರಲ್ಲಿ ಕೆಲವರು ಮತಗಟ್ಟೆಗೆ ಬಂದರು, ಚೀಟಿ ಪಡೆದರು, ಮರೆಗೆ ಹೋಗಿ ಮತ ಹಾಕಿದರು. ಯಾವ ಅನಾಹುತವೂ ಆಗಲಿಲ್ಲ. ಮರುವರ್ಷವೇ ಶಾಸನಸಭೆ ಆ ಕಲಮು ತಿದ್ದಿ ಗಂಡಸರಿಗೆ ಮಾತ್ರ ಎಂದು ಮಾಡಿತು. ಸೌತ್ ಆಸ್ಟ್ರೇಲಿಯಾದ ಹೆಂಗಸರಿಗೆ 1894ರಲ್ಲಿ ಮತದ ಹಕ್ಕು ಬಂತು, ಉಳಿದ ಪ್ರಾಂತ್ಯಗಳಲ್ಲಿ ಒಂದಾದ ಮೇಲೊಂದರಂತೆ ಬಂತು. ವಿಕ್ಟೋರಿಯಾ ಕಾನೂನು ಮಾಡಿದ್ದು 1908ರಲ್ಲಿ, ಆಸ್ಟ್ರೇಲಿಯಾದಲ್ಲೇ ಕಟ್ಟಕಡೆಗೆ. ಚಾಪ್‌ಮನ್ ಬರೆದ ಕಲಮುಗಳ ಚೀಟಿ ಮೆಲ್ಬರ್ನಿನ ಹೆಂಗಸರ ಕೈಗೆ, ಶಾಸನಸಭೆಯ ಚುನಾವಣೆಯಲ್ಲಿ, ಹಕ್ಕಾಗಿ ಸೇರಿದ್ದು 1911ರಲ್ಲಿ.